ಊಟದ ಮೇಜಿನಿಂದ ಬೇಗ ಏಳಬೇಡಿ

ಪ್ರಶ್ನೆ: ಒಂದು ಸೆಮಿಸ್ಟರ್ ಓದಲೆಂದು ಸ್ಪೇನ್‌ನ ಸಲಾಮಾಂಕಾಕ್ಕೆ ಬಂದು ಐದು ವಾರವಾಯಿತು. ತರಗತಿಯ ವ್ಯಾಕರಣ ಕಷ್ಟವೆನಿಸುತ್ತಿಲ್ಲ. ಆದರೆ ನಾನು ಉಳಿದುಕೊಂಡಿರುವ ಮನೆಯವರು ಊಟದ ಹೊತ್ತಿನಲ್ಲಿ ಮಾತಿಗಿಳಿದರೆ ತಲೆಬುಡ ತಿಳಿಯುವುದಿಲ್ಲ. ತಟ್ಟೆ ಖಾಲಿಯಾದ ಕೂಡಲೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತೇನೆ. ಇಂಗ್ಲಿಷ್ ಮಾತಾಡುವ ಸಹಪಾಠಿಗಳ ಫ್ಲ್ಯಾಟಿನಲ್ಲಿ ಒಂದು ಕೋಣೆ ಖಾಲಿಯಿದೆ. ಅಲ್ಲಿಗೆ ಹೋಗಿಬಿಡಲೇ ಮೇಡಂ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ದಯವಿಟ್ಟು ಹೋಗಬೇಡಿ. ಓದುವ ದಿನಗಳಲ್ಲಿ ನಾನೂ ಅದೇ ಊರಿನಲ್ಲಿ, ವಯಸ್ಸಾದ ಒಬ್ಬ ಹೆಂಗಸಿನ ಮನೆಯಲ್ಲಿದ್ದೆ. ಮೊದಲ ತಿಂಗಳು ನಿಮ್ಮಂತೆಯೇ ಎದ್ದು ಹೋಗುತ್ತಿದ್ದೆ. ಅಲ್ಲಿ ಮಧ್ಯಾಹ್ನದ ಊಟ ಎರಡೂವರೆ, ಮೂರಕ್ಕೆ. ಉಂಡ ಮೇಲೂ ಮೇಜು ಬಿಡದೆ ಕುಳಿತು ಹರಟುವುದಕ್ಕೆ ಅವರ ಭಾಷೆಯಲ್ಲಿ ಒಂದು ಹೆಸರೇ ಇದೆ: ಸೋಬ್ರೆಮೇಸಾ. ನೀವು ದಿನವೂ ತಪ್ಪಿಸಿಕೊಳ್ಳುತ್ತಿರುವ ತರಗತಿ ಅದು.

ಒಂದು ದಿನ ನಾನು ಏಳಲು ಹೊರಟಾಗ ಆಕೆ ಕಿತ್ತಳೆ ಸುಲಿಯುತ್ತಿದ್ದರು. ಚಾಕುವಿನ ಕೆಳಗೆ ಸಿಪ್ಪೆ ಒಂದೇ ಸುರುಳಿಯಾಗಿ ಇಳಿಯುತ್ತಿತ್ತು. ಏನೂ ಹೇಳದೆ ಅರ್ಧ ಹಣ್ಣನ್ನು ನನ್ನ ತಟ್ಟೆಗಿಟ್ಟರು. ಕುಳಿತೆ. ಒಂದು ತೊಳೆ ಬಾಯಿಗಿಟ್ಟ ಮೇಲೆ ‘ತೆ ಗೂಸ್ತಾ?’ ಎಂದು ಕೇಳಿದರು. ಪುಸ್ತಕದಲ್ಲಿ ಈ ಕ್ರಿಯಾಪದ ನನ್ನನ್ನು ಬಹಳ ಕಾಡಿಸಿತ್ತು, ಏಕೆಂದರೆ ಅದನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಿದ್ದೆ. ಅಂದು ನೇರವಾಗಿ ಕನ್ನಡದಲ್ಲಿ ಕೇಳಿಸಿತು: ‘ನಿನಗೆ ಇಷ್ಟವೇ?’ ‘ಮೆ ಗೂಸ್ತಾ’ ಎಂದರೆ ‘ನನಗೆ ಇಷ್ಟ’. ಅದೇ ಚತುರ್ಥಿ, ಅದೇ ಜಾಡು!

ಅದಕ್ಕೇ ಹೇಳುತ್ತೇನೆ, ನಡುವೆ ನಿಂತಿರುವ ಇಂಗ್ಲಿಷನ್ನು ಪಕ್ಕಕ್ಕೆ ಸರಿಸಿ. ‘ಆಬ್ಲೊ’ ಎಂದರೆ ಸಾಕು, ‘ಮಾತಾಡುತ್ತೇನೆ’ ಎಂದಾಯಿತು. ಯಾರೆಂಬುದನ್ನು ನಮ್ಮಲ್ಲಿಯಂತೆ ಕ್ರಿಯಾಪದವೇ ಹೇಳುತ್ತದೆ. ತೂ, ಉಸ್ತೆದ್ ನಮ್ಮ ನೀನು, ನೀವು. ಅವರು ಮಾತ್ರ ‘ತೂ’ವನ್ನು ನಮಗಿಂತ ಧಾರಾಳವಾಗಿ ಬಳಸುತ್ತಾರೆ, ಹಿರಿಯರೇ ಹಾಗೆ ಕರೆಯೆಂದರೆ ಸಂಕೋಚ ಬೇಡ. ತ, ಪ, ಕಗಳು ನಮ್ಮ ಅಲ್ಪಪ್ರಾಣಗಳೇ. ರಕಾರವೊಂದನ್ನು ಜೋಪಾನ ಮಾಡಿ: ‘ಪೇರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ.

ಮನೆಮಾತು ತಿಳಿಯದಿರುವುದಕ್ಕೆ ನಿಮ್ಮ ದಡ್ಡತನ ಕಾರಣವಲ್ಲ. ಮೇಷ್ಟ್ರು ಪದಪದ ಬಿಡಿಸಿ ಆಡುತ್ತಾರೆ. ಮನೆಯಲ್ಲಿ ಪದಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಅಕ್ಷರಗಳು ಜಾರುತ್ತವೆ. ದಣಿದವನು ಪುಸ್ತಕದಲ್ಲಿ ‘ಕಾನ್ಸಾದೊ’, ಅಡುಗೆಮನೆಯಲ್ಲಿ ‘ಕಾನ್ಸಾಓ’. ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಒಂದು ಊಟಕ್ಕೆ ಒಂದು ಪದ ಸಾಕು: ರಾತ್ರಿ ಬರೆದಿಟ್ಟುಕೊಳ್ಳಿ, ಮರುದಿನ ಅದೇ ಮೇಜಿನಲ್ಲಿ ಬಳಸಿ. ಜೊತೆಗೆ ‘ಬಾಲೆ’ (ಸರಿ), ‘ಪ್ವೆಸ್’ (ಅಂದರೆ...), ‘ಆ ಬೆರ್’ (ನೋಡೋಣ) ನಾಲಿಗೆಯ ತುದಿಯಲ್ಲಿರಲಿ. ಯೋಚಿಸಲು ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ, ಎದುರಿನವರೂ ಕಾಯುತ್ತಾರೆ.

ಗೆಳತಿಯರನ್ನು ಬಿಡಿ ಎನ್ನುತ್ತಿಲ್ಲ, ವಾರಕ್ಕೊಮ್ಮೆ ಸೇರಿ. ಉಳಿದ ಸಂಜೆಗಳಿಗೆ ಒಬ್ಬ ಇಂತೆರ್‌ಕಾಂಬಿಯೊ ಜೊತೆಗಾತಿಯನ್ನು ಹುಡುಕಿಕೊಳ್ಳಿ. ಅರ್ಧ ಗಂಟೆ ಆಕೆಯ ಸ್ಪ್ಯಾನಿಷ್, ಅರ್ಧ ಗಂಟೆ ನಿಮ್ಮ ಇಂಗ್ಲಿಷ್, ದುಡ್ಡಿನ ಮಾತಿಲ್ಲ. ಊರ ನಡುವಿನ ದೊಡ್ಡ ಚೌಕವಾದ ಪ್ಲಾಥಾ ಮಯೋರ್‌ನ ಗಡಿಯಾರದ ಕೆಳಗೆ ಭೇಟಿಯಾಗುವುದು ಆ ಊರಿನ ರೂಢಿ. ಅಲ್ಲಿಂದ 1218ರಲ್ಲಿ ಸ್ಥಾಪನೆಯಾದ ನಿಮ್ಮ ವಿಶ್ವವಿದ್ಯಾಲಯದ ಹಳೆಯ ಮುಂಬಾಗಿಲಿಗೆ ನಡೆದುಹೋಗಿ. ಅದರ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕುಳಿತ ಪುಟ್ಟ ಕಪ್ಪೆಯೊಂದಿದೆ. ಆಕೆ ಬೆರಳು ತೋರಿಸಕೂಡದು. ಬಲಕ್ಕೆ, ಇನ್ನೂ ಮೇಲೆ, ಸ್ವಲ್ಪ ಕೆಳಗೆ ಎಂದು ಸ್ಪ್ಯಾನಿಷಿನಲ್ಲೇ ದಾರಿ ಹೇಳಲಿ. ಕಪ್ಪೆ ಸಿಕ್ಕಿದ ದಿನ ನನಗೆ ಬರೆಯಿರಿ.