ಪಾಸ್‌ಪೋರ್ಟ್ ಮುಗಿಯಲು ನಾಲ್ಕೂವರೆ ತಿಂಗಳಿದೆ, ಅಮ್ಮ ದುಬೈಗೆ ಹೋಗಬಹುದಾ?

ವಿದೇಶ ಪ್ರಯಾಣದ ಬಗ್ಗೆ ಕಾಸರಗೋಡು ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಟ್ಟವರು, ಕುಂಬಳೆಯಲ್ಲಿ ಬಹಳ ವರ್ಷ ಟಿಕೆಟ್, ವೀಸಾ ಕೆಲಸ ಮಾಡಿದವರು.

ಪ್ರಶ್ನೆ: ನಮಸ್ಕಾರ. ತಂಗಿ ದುಬೈಯಲ್ಲಿದ್ದಾಳೆ. ಡಿಸೆಂಬರ್ ಮೊದಲ ವಾರ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕು. ನವೆಂಬರ್ 18ಕ್ಕೆ ಕಡಿಮೆ ದರದ ಟಿಕೆಟ್ ಇದೆ, ಇನ್ನೂ ದುಡ್ಡು ಕಟ್ಟಿಲ್ಲ. ವೀಸಾಕ್ಕೂ ಹಾಕಿಲ್ಲ. ಅಮ್ಮನ ಪಾಸ್‌ಪೋರ್ಟ್ ಏಪ್ರಿಲ್ 2ರ ತನಕ ಇದೆ. ಜನವರಿಯಲ್ಲೇ ವಾಪಸ್ ಬರುವುದರಿಂದ ಏನೂ ತೊಂದರೆ ಇಲ್ಲ ಅಂತ ಭಾವ ಹೇಳುತ್ತಾರೆ. ಹೊರಡಲು ಇನ್ನೂ ಎರಡು ತಿಂಗಳಿದೆ. ಏನು ಮಾಡಲಿ?
— ಒಬ್ಬ ಓದುಗ, ಬದಿಯಡ್ಕ

ಉತ್ತರ: ದುಡ್ಡು ಕಟ್ಟುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಈ ಪಾಸ್‌ಪೋರ್ಟಿನಲ್ಲಿ ಅಮ್ಮ ಹೋಗಲು ಆಗುವುದಿಲ್ಲ.

ಯುಎಇಗೆ ವಿಸಿಟ್ ವೀಸಾದಲ್ಲಿ ಹೋಗುವವರ ಪಾಸ್‌ಪೋರ್ಟಿಗೆ, ಅಲ್ಲಿ ಇಳಿಯುವ ದಿನದಿಂದ ಲೆಕ್ಕ ಹಾಕಿದರೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು. ನವೆಂಬರ್ 18ಕ್ಕೆ ಇಳಿದರೆ ಮೇ 18ರ ತನಕವಾದರೂ ಇರಬೇಕಾಯಿತು. ನಿಮ್ಮದು ಒಂದೂವರೆ ತಿಂಗಳು ಕಮ್ಮಿ. ಅಮ್ಮ ಅಲ್ಲಿ ಎರಡು ತಿಂಗಳು ಇರುತ್ತಾರೋ ಎರಡು ದಿನ ಇರುತ್ತಾರೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಭಾವ ಹೇಳಿದ ಹಾಗೆಯೇ ಹೆಚ್ಚಿನವರು ಯೋಚಿಸುತ್ತಾರೆ. ತಪ್ಪಾಗುವುದೂ ಅಲ್ಲೇ.

ಒಂದು ಸಲ ನಮ್ಮ ಕಡೆಯ ಒಬ್ಬರನ್ನು ಕಳಿಸಿಕೊಡಲು ನಾನು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಮುಂದಿನ ಕೌಂಟರಿನಲ್ಲಿ ವಯಸ್ಸಾದ ಒಬ್ಬ ಅಮ್ಮ. ಅವರೂ ಬಾಣಂತನಕ್ಕೆ ಹೊರಟವರೇ. ನೈಲಾನ್ ಹಗ್ಗ ಕಟ್ಟಿದ ಕಾರ್ಟನ್, ಮೇಲೆ ಮಾರ್ಕರ್ ಪೆನ್ನಿನಲ್ಲಿ ಅಳಿಯನ ಹೆಸರು. ಒಳಗೆ ಹಲಸಿನ ಹಪ್ಪಳ, ಬಾಣಂತಿ ಮದ್ದು. ಕಾರ್ಟನ್ ತೂಕವೂ ಆಯಿತು. ಆಮೇಲೆ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ಬಿಡಿಸಿದಳು. ತಾರೀಕಿನ ಮೇಲೆ ಬೆರಳಿಟ್ಟು ತಿಂಗಳು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಮೇಲಿನವರನ್ನು ಕರೆದಳು. ಆರು ತಿಂಗಳಿಗೆ ಹನ್ನೊಂದು ದಿನ ಕಮ್ಮಿ ಇತ್ತು. "ಹನ್ನೊಂದು ದಿನಕ್ಕಾ ಮಗಾ?" ಅಂತ ಆ ಅಮ್ಮ ಕೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಕಾರ್ಟನ್ ಬೆಲ್ಟಿನಿಂದ ವಾಪಸ್ ಇಳಿಯಿತು.

ಆ ಹುಡುಗಿಯನ್ನು ದೂರಿ ಪ್ರಯೋಜನವಿಲ್ಲ. ಯಾವ ದೇಶಕ್ಕೆ ಯಾವ ದಾಖಲೆ ಬೇಕು ಅನ್ನುವುದನ್ನು ವಿಮಾನ ಕಂಪೆನಿಗಳು ಟಿಮ್ಯಾಟಿಕ್ ಅನ್ನುವ ವ್ಯವಸ್ಥೆಯಲ್ಲಿ ನೋಡುತ್ತವೆ. ಅಲ್ಲಿ ಸಾಲದು ಅಂತ ಇದ್ದರೆ ಬೋರ್ಡಿಂಗ್ ಪಾಸ್ ಬರುವುದಿಲ್ಲ. ಆಚೆ ದೇಶದವರು ಒಳಗೆ ಬಿಡದಿದ್ದರೆ ಪ್ರಯಾಣಿಕರನ್ನು ವಾಪಸ್ ತರುವುದು ಕಂಪೆನಿಯ ತಲೆಗೇ ಬರುತ್ತದೆ. ಎಷ್ಟೋ ದೇಶಗಳಲ್ಲಿ ದಂಡವೂ ಬೀಳುತ್ತದೆ. ಹಾಗಾಗಿ ಒಂದು ದಿನ ಕಮ್ಮಿ ಇದ್ದರೂ ಬಿಡುವುದಿಲ್ಲ. ಟಿಕೆಟ್ ದುಡ್ಡೂ ಹೆಚ್ಚಾಗಿ ಹೋದ ಹಾಗೆಯೇ.

ಈಗ ನೀವು ಮಾಡಬೇಕಾದ್ದು ಹೀಗೆ. ಮೊದಲು ಪಾಸ್‌ಪೋರ್ಟ್, ಆಮೇಲೆ ವೀಸಾ, ಕೊನೆಗೆ ಟಿಕೆಟ್. ಈ ಕ್ರಮ ತಪ್ಪಿಸಬೇಡಿ. ವೀಸಾ ಆಗುವುದು ಪಾಸ್‌ಪೋರ್ಟ್ ನಂಬರಿನ ಮೇಲೆ. ರಿನ್ಯೂ ಮಾಡಿದಾಗ ನಂಬರ್ ಬದಲಾಗುತ್ತದೆ. ನಾವು ರಿನ್ಯೂ ಅಂದರೂ ಇಲಾಖೆಯ ಲೆಕ್ಕದಲ್ಲಿ ಅದು ರೀಇಶ್ಯೂ, ಅಂದರೆ ಪೂರ್ತಿ ಹೊಸ ಪುಸ್ತಕ. ಹಳೆ ನಂಬರಿಗೆ ವಿಸಿಟ್ ವೀಸಾ ತೆಗೆದರೆ ಅದಕ್ಕೆ ಕೊಟ್ಟ ದುಡ್ಡು ಸುಮ್ನೆ ಹೋಗುತ್ತದೆ.

ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ರೀಇಶ್ಯೂಗೆ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಮುಗಿಯುವ ತನಕ ಕಾಯಬೇಕು ಅಂತೇನೂ ಇಲ್ಲ. ದೊಡ್ಡವರಿಗೆ 36 ಪುಟದ್ದಕ್ಕೆ 1500 ರೂಪಾಯಿ. ತತ್ಕಾಲ್ ಬೇಕಾದರೆ ಇನ್ನೂ 2000 ಸೇರುತ್ತದೆ. ಹೆಸರು, ವಿಳಾಸ ಯಾವುದೂ ಬದಲಾಗದಿದ್ದರೆ ಎಷ್ಟೋ ಸಲ ಪೊಲೀಸ್ ವೆರಿಫಿಕೇಶನ್ ಇಲ್ಲದೆಯೇ, ಅಥವಾ ಪಾಸ್‌ಪೋರ್ಟ್ ಕೊಟ್ಟ ಮೇಲೆ ವೆರಿಫಿಕೇಶನ್ ಇಟ್ಟುಕೊಂಡು ಕೆಲಸ ಆಗುತ್ತದೆ. ಅದನ್ನು ತೀರ್ಮಾನ ಮಾಡುವವರು ಪಾಸ್‌ಪೋರ್ಟ್ ಕಚೇರಿಯವರು. ಎರಡು ತಿಂಗಳಿದೆ ಅಂತ ಕೂರಬೇಡಿ, ಈ ವಾರವೇ ಅರ್ಜಿ ಹಾಕಿ.

ಹಾಗೆಯೇ ಫೋಟೋ ಇರುವ ಪುಟದಲ್ಲಿ ಸರ್‌ನೇಮ್ ಸಾಲನ್ನೂ ನೋಡಿ. ನಮ್ಮ ಕಡೆ ಹಳೆಯ ತಲೆಮಾರಿನ ಹೆಂಗಸರಿಗೆ ಒಂದೇ ಹೆಸರು ಇರುವುದು ಜಾಸ್ತಿ. ಆ ಸಾಲು ಖಾಲಿ ಇರುತ್ತದೆ. ಹೀಗೆ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದರಲ್ಲಿ ಯುಎಇ 2022ರ ನವೆಂಬರಿನಲ್ಲಿ ಬಿಗಿ ಮಾಡಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರು ಇದ್ದರೆ ಆಗುತ್ತದೆ ಅಂತ ಆಮೇಲೆ ಸ್ಪಷ್ಟ ಮಾಡಿದರು. ಅಮ್ಮನದ್ದೂ ಹಾಗೇ ಇದ್ದರೆ ವೀಸಾ ಹಾಕುವವರಿಗೆ ಮೊದಲೇ ಎರಡೂ ಪುಟದ ಫೋಟೋ ಕಳಿಸಿ ಕೇಳಿ. ಸರ್‌ನೇಮ್ ಹೊಸದಾಗಿ ಸೇರಿಸಲು ಹೊರಟರೆ ದಾಖಲೆ ಜಾಸ್ತಿ ಕೇಳುತ್ತಾರೆ, ದಿನವೂ ಹಿಡಿಯುತ್ತದೆ. ಹೆರಿಗೆ ಹತ್ತಿರ ಇರುವಾಗ ಅದಕ್ಕೆ ಕೈ ಹಾಕುವ ಮೊದಲು ಒಮ್ಮೆ ಯೋಚಿಸಿ.

ಪ್ರಶ್ನೆ: ಶಾರ್ಜಾದಲ್ಲಿ ಕೆಲಸ. 40 ದಿನದ ರಜೆಯಲ್ಲಿ ಊರಿಗೆ ಬಂದಿದ್ದೇನೆ. ರೆಸಿಡೆನ್ಸಿ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಇನ್ನೂ ಒಂದೂವರೆ ವರ್ಷ ಇದೆ. ಆದರೆ ಪಾಸ್‌ಪೋರ್ಟ್ ಏಳು ತಿಂಗಳಲ್ಲಿ ಮುಗಿಯುತ್ತದೆ. ಇಲ್ಲಿ ರಿನ್ಯೂ ಮಾಡಲಾ, ಅಲ್ಲಿ ಹೋಗಿ ಮಾಡಲಾ? ಇಲ್ಲಿ ಮಾಡಿದರೆ ವೀಸಾ ಹೋಗುತ್ತದಾ?
— ಉಪ್ಪಳದಿಂದ

ಉತ್ತರ: ವೀಸಾ ಹೋಗುವುದಿಲ್ಲ. ಆ ಭಯ ಬಿಡಿ. ಹಳೆ ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ, ರದ್ದು ಅಂತ ಸೀಲ್ ಹೊಡೆದು ನಿಮಗೇ ವಾಪಸ್ ಕೊಡುತ್ತಾರೆ. ಅದನ್ನು ಹೊಸದರ ಜತೆಗೇ ಇಟ್ಟುಕೊಳ್ಳಿ. ಹಳೆಯದು ಇನ್ನು ಯಾಕೆ ಅಂತ ಮನೆಯ ಕಪಾಟಿನಲ್ಲಿ ಬಿಟ್ಟು ಹೋಗಬೇಡಿ. ಯುಎಇಯಲ್ಲಿ 2022ರಿಂದ ಪಾಸ್‌ಪೋರ್ಟಿಗೆ ಅಂಟಿಸುವ ರೆಸಿಡೆನ್ಸಿ ಸ್ಟಿಕ್ಕರ್ ನಿಂತು ಅಲ್ಲಿನ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿಯೇ ಅದರ ಜಾಗಕ್ಕೆ ಬಂದಿದೆ. ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ರೆಸಿಡೆನ್ಸಿ ಹಳೆ ನಂಬರಿಗೆ ಸೇರಿಕೊಂಡಿರುತ್ತದೆ. ಹೊಸ ನಂಬರನ್ನು ಅಲ್ಲಿ ಅಪ್‌ಡೇಟ್ ಮಾಡಿಸಬೇಕು. ಇದನ್ನು ಯಾವಾಗ, ಹೇಗೆ ಮಾಡಿಸುತ್ತಾರೆ ಅಂತ ಕಂಪೆನಿಯಲ್ಲಿ ವೀಸಾ ಕೆಲಸ ನೋಡಿಕೊಳ್ಳುವ ಪಿಆರ್‌ಒ ಹತ್ತಿರ ಅರ್ಜಿ ಹಾಕುವ ಮೊದಲೇ ಮಾತಾಡಿ.

ಇಲ್ಲಿಯಾ, ಅಲ್ಲಿಯಾ ಅಂದರೆ ನನ್ನ ಅಭಿಪ್ರಾಯ ಇದು. ರಜೆಯ ಮೊದಲ ವಾರದಲ್ಲಿದ್ದರೆ ಇಲ್ಲೇ ಮಾಡಿ. ಹದಿನೈದು ದಿನವೇ ಉಳಿದಿದ್ದರೆ ಇಲ್ಲಿ ಮುಟ್ಟಬೇಡಿ. ಇನ್ನೂ ಏಳು ತಿಂಗಳಿದೆ. ಬೇಗ ವಾಪಸ್ ಹೋಗಿ ಭಾರತೀಯ ದೂತಾವಾಸದ ಮೂಲಕ ಅಲ್ಲೇ ಮಾಡಿಸಿ. ಅರ್ಜಿ ಕೊಟ್ಟು, ಹಳೆಯದು ರದ್ದಾಗಿ, ಹೊಸದು ಕೈಗೆ ಬಾರದೆ ರಜೆ ಮುಗಿದರೆ ಕೆಲಸಕ್ಕೇ ಕುತ್ತು. ಇನ್ನೊಂದು ಮಾತು. ಸಾಮಾನ್ಯ ರೆಸಿಡೆನ್ಸಿ ಇರುವವರು ಆರು ತಿಂಗಳಿಗಿಂತ ಜಾಸ್ತಿ ಯುಎಇಯ ಹೊರಗೆ ಇದ್ದರೆ ರೆಸಿಡೆನ್ಸಿಯೇ ಬಿದ್ದು ಹೋಗುತ್ತದೆ.

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ಮೇ ತಿಂಗಳಲ್ಲಿ ಯುರೋಪ್ ಟೂರ್. ಪಾಸ್‌ಪೋರ್ಟ್ ಅಕ್ಟೋಬರಿನಲ್ಲಿ ಮುಗಿಯುತ್ತದೆ. ಆರು ತಿಂಗಳು ಸಿಗುವುದಿಲ್ಲ, ಅಲ್ವಾ?
— ಮುಳ್ಳೇರಿಯದಿಂದ

ಉತ್ತರ: ಯುರೋಪಿನ ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳಿಗೆ, ಆರು ತಿಂಗಳ ಲೆಕ್ಕ ಇಲ್ಲ. ಅಲ್ಲಿ ಬೇಕಾದ್ದು ಮೂರು ತಿಂಗಳು. ಆದರೆ ಎಣಿಸುವುದು ಒಳಗೆ ಹೋಗುವ ದಿನದಿಂದ ಅಲ್ಲ, ಅಲ್ಲಿಂದ ಹೊರಡುವ ದಿನದಿಂದ. ಪಾಸ್‌ಪೋರ್ಟ್ ಹತ್ತು ವರ್ಷದ ಒಳಗೆ ಕೊಟ್ಟದ್ದಾಗಿರಬೇಕು. ಕನಿಷ್ಠ ಎರಡು ಪುಟ ಖಾಲಿ ಇರಬೇಕು. ಮೇ ಕೊನೆಗೆ ಹೊರಟರೂ ಆಗಸ್ಟ್ ಕೊನೆ ಸಾಕು. ನಿಮ್ಮದು ನಡೆಯುತ್ತದೆ.

ಟೂರಿನವರು ಬರುವಾಗ ದುಬೈಯಲ್ಲಿ ಎರಡು ದಿನ ಇಳಿಸುತ್ತಾರಾ? ಅದನ್ನು ಕೇಳಿಕೊಳ್ಳಿ. ಇಳಿಸುವುದಾದರೆ ಅಲ್ಲಿಗೆ ಆರು ತಿಂಗಳು ಬೇಕು, ನಿಮ್ಮ ಪಾಸ್‌ಪೋರ್ಟ್ ಸಾಲದು. ಒಂದೇ ಪ್ರಯಾಣದಲ್ಲಿ ಎರಡು ಮೂರು ದೇಶ ಇದ್ದರೆ ಯಾವ ದೇಶದ್ದು ಹೆಚ್ಚು ಬಿಗಿಯೋ ಅದನ್ನೇ ಹಿಡಿಯಬೇಕು.

ಸಿಂಗಾಪುರ, ಮಲೇಷ್ಯಾ, ಇಂಡೊನೇಷ್ಯಾ, ಶ್ರೀಲಂಕಾ ಎಲ್ಲ ಆರು ತಿಂಗಳ ಸಾಲಿನವೇ. ಬ್ರಿಟನ್‌ಗೆ ಅಲ್ಲಿ ಇರುವಷ್ಟು ದಿನ ಪಾಸ್‌ಪೋರ್ಟ್ ಇದ್ದರೆ ಸಾಕು. ಅಮೆರಿಕ ಆರು ತಿಂಗಳ ನಿಯಮದಿಂದ ಭಾರತದ ಪಾಸ್‌ಪೋರ್ಟಿಗೆ ವಿನಾಯಿತಿ ಕೊಟ್ಟಿದೆ. ನೇಪಾಳಕ್ಕಂತೂ ವಿಮಾನದಲ್ಲಿ ಹೋಗುವಾಗಲೂ ನಮ್ಮ ವೋಟರ್ ಐಡಿ ನಡೆಯುತ್ತದೆ.

ಪ್ರಶ್ನೆ: ನಮ್ಮಿಬ್ಬರ ಪಾಸ್‌ಪೋರ್ಟ್ ಹೊಸದು. ಮಗನದ್ದೂ ನಮ್ಮ ಜತೆಗೇ ಮಾಡಿಸಿದ್ದು. ಸಿಂಗಾಪುರಕ್ಕೆ ಹೋಗುವ ಮೊದಲು ಅವನದ್ದನ್ನು ಬೇರೆಯೇ ನೋಡಬೇಕಾ?
— ಮಂಜೇಶ್ವರದಿಂದ

ಉತ್ತರ: ಖಂಡಿತ ನೋಡಿ. ದೊಡ್ಡವರದ್ದು ಹತ್ತು ವರ್ಷ, ಮಕ್ಕಳದ್ದು ಸಾಮಾನ್ಯವಾಗಿ ಐದೇ ವರ್ಷ. ಅದರ ಮೊದಲೇ 18 ತುಂಬಿದರೆ ಅಲ್ಲಿಗೇ ಮುಗಿಯುತ್ತದೆ. ಒಂದೇ ದಿನ ಮಾಡಿಸಿದ ಮೂರು ಪಾಸ್‌ಪೋರ್ಟ್ ಒಂದೇ ದಿನ ಮುಗಿಯುವುದಿಲ್ಲ. ಮನೆಯವರದ್ದೆಲ್ಲ ಮೇಜಿನ ಮೇಲೆ ಬಿಡಿಸಿಟ್ಟು ಒಂದೊಂದೇ ತಾರೀಕು ಓದಿ.

ಪ್ರಶ್ನೆ: ಪೆರ್ಲದವಳು. ಆಧಾರ್ ಕೇರಳದ್ದು. ಮಂಗಳೂರಿನಲ್ಲಿ ಅರ್ಜಿ ಕೊಡಬಹುದಾ, ಕಾಸರಗೋಡಿಗೇ ಹೋಗಬೇಕಾ?

ಉತ್ತರ: ಎಲ್ಲಿ ಬೇಕಾದರೂ ಕೊಡಬಹುದು. 2018ರಿಂದ ದೇಶದ ಯಾವ ಕಡೆಯಿಂದಲೂ ಅರ್ಜಿ ಹಾಕಲು ಬಿಟ್ಟಿದ್ದಾರೆ. ನಮಗೆ ಹತ್ತಿರದ್ದು ಕಾಸರಗೋಡು ಹೆಡ್ ಪೋಸ್ಟ್ ಆಫೀಸಿನ ಕೇಂದ್ರ, ಪಯ್ಯನ್ನೂರು ಮತ್ತು ಮಂಗಳೂರು. ಮೊದಲಿನ ಎರಡು ಕೋಝಿಕ್ಕೋಡ್ ಕಚೇರಿಯ ಕೆಳಗೆ ಬರುತ್ತವೆ, ಮಂಗಳೂರು ಬೆಂಗಳೂರಿನ ಕೆಳಗೆ. ಅರ್ಜಿ ಹಾಕುವಾಗಲೇ ಕಚೇರಿ ಆರಿಸಬೇಕು. ಎಲ್ಲಿ ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತದೆ ನೋಡಿ ಆರಿಸಿ. ಪೊಲೀಸ್ ವೆರಿಫಿಕೇಶನ್ ಬಂದರೆ ಅದು ನೀವು ಅರ್ಜಿಯಲ್ಲಿ ಬರೆದ ಈಗಿನ ವಿಳಾಸದಲ್ಲೇ ಆಗುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಕೊಡುವುದಕ್ಕಾಗಿ ಅಲ್ಲಿನ ನೆಂಟರ ವಿಳಾಸ ಬರೆಯುವ ಅಗತ್ಯ ಇಲ್ಲ. ಹಾಗೆ ಬರೆಯಲೂ ಬೇಡಿ.

ಫಾರ್ಮ್ ತುಂಬಲು ಕಷ್ಟವಾದರೆ ಕೇರಳದಲ್ಲಿ ಇಂಥ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಮಾಡಿಸಿ. ಕಳಿಸುವ ಮೊದಲು ಪಕ್ಕದಲ್ಲಿ ಕೂತು ಹೆಸರಿನ ಸ್ಪೆಲ್ಲಿಂಗನ್ನು ಆಧಾರ್ ಜತೆ ಅಕ್ಷರ ಅಕ್ಷರ ಹೋಲಿಸಿ. ಮನೆಯಲ್ಲೇ ಹಾಕುವುದಾದರೆ ಸರಕಾರದ ಪಾಸ್‌ಪೋರ್ಟ್ ಸೇವಾ ಜಾಲತಾಣ ಅಥವಾ ಎಂಪಾಸ್‌ಪೋರ್ಟ್ ಸೇವಾ ಆ್ಯಪ್ ಬಿಟ್ಟು ಬೇರೆಲ್ಲೂ ದುಡ್ಡು ಕಟ್ಟಬೇಡಿ. ಅದೇ ಥರ ಕಾಣುವ ನಕಲಿ ಜಾಲತಾಣಗಳು ಬೇಕಾದಷ್ಟಿವೆ.

ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಪೋಸ್ಟ್‌ಮ್ಯಾನ್ ಐಡಿ ನೋಡಿ ನಿಮ್ಮ ಕೈಗೇ ಕೊಡುತ್ತಾರೆ. ಕಳಿಸಿದ್ದೇವೆ ಅಂತ ಮೆಸೇಜ್ ಬಂದ ಮೇಲೆ ನಾಲ್ಕು ದಿನ ಮನೆಯಲ್ಲಿರಿ. ಕೈಗೆ ಬಂದ ಕೂಡಲೇ ಪೋಸ್ಟ್‌ಮ್ಯಾನ್ ಜಗಲಿಯಲ್ಲಿರುವಾಗಲೇ ಬಿಡಿಸಿ, ಹೆಸರು, ಹುಟ್ಟಿದ ದಿನ, ಮುಗಿಯುವ ದಿನ ಮೂರನ್ನೂ ಓದಿ.