ಮಾಸ್ತರರನ್ನು ಕೇಳಿ: ರಾಕೆಟ್ ಸಮುದ್ರಕ್ಕೆ ಯಾಕೆ ಬೀಳುತ್ತದೆ?

ಈ ಸಲದ ಪತ್ರಗಳಲ್ಲಿ ಮೂರು ರಾಕೆಟ್ ಬಗ್ಗೆಯೇ ಇದ್ದವು. ಮೂವತ್ತು ವರ್ಷ ಸೇಡಂ ಕಡೆಯ ಶಾಲೆಗಳಲ್ಲಿ ವಿಜ್ಞಾನ ಕಲಿಸಿದವನು ನಾನು. ಇಂಥ ಪತ್ರ ಬಂದರೆ ಅವತ್ತಿನ ಊಟವೂ ಜಾಸ್ತಿ ಸೇರುತ್ತದೆ. ಉಳಿದ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ.

ಪ್ರಶ್ನೆ: ಸರ್, ಹಾಸ್ಟೆಲ್‌ನಲ್ಲಿ ನನಗೂ ಗೆಳೆಯರಿಗೂ ದಿನಾ ಇದೇ ವಾದ. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ ರಾಕೆಟ್ ಹಾರಿಸಿ, ವಾಪಸ್ ಇಳಿಸಿ, ಅದನ್ನೇ ಮತ್ತೆ ಹಾರಿಸುತ್ತದೆ. ನಮ್ಮ ಪಿಎಸ್‌ಎಲ್‌ವಿ ಪ್ರತಿ ಸಲ ಸಮುದ್ರದ ಪಾಲು. ಇಸ್ರೋಗೆ ಇದು ಯಾಕೆ ಆಗುತ್ತಿಲ್ಲ? ನಾವು ಹಿಂದೆ ಬಿದ್ದಿದ್ದೇವಾ?
(ಬಿಎಸ್ಸಿ ವಿದ್ಯಾರ್ಥಿ, ಶಹಾಪುರ)

ಉತ್ತರ: ತಮ್ಮಾ, ಇಳಿಸುವ ವಿಷಯದಲ್ಲಿ ನಾವು ಹಿಂದಿದ್ದೇವೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಪಿಎಸ್‌ಎಲ್‌ವಿಯನ್ನು ಯಾಕೆ ಇಳಿಸಲು ಆಗುವುದಿಲ್ಲ ಅನ್ನುವುದು ಬೇರೆ ಮಾತು. ಅದು ತಿಳಿದರೆ ನಿಮ್ಮ ವಾದ ಇನ್ನೂ ಚೆನ್ನಾಗಿ ನಡೆಯುತ್ತದೆ.

ನಾನು ತರಗತಿಗೆ ಒಂದು ಪಂಪ್ ಸ್ಟೌ, ಒಂದು ದೀಪಾವಳಿಯ ಹೂಕುಂಡ ಒಯ್ಯುತ್ತಿದ್ದೆ. ಸ್ಟೌ ಉರಿಯನ್ನು ಸಣ್ಣ ಮಾಡಬಹುದು, ಆರಿಸಬಹುದು, ಮತ್ತೆ ಹಚ್ಚಬಹುದು. ಹೂಕುಂಡಕ್ಕೆ ಒಮ್ಮೆ ಕಿಡಿ ತಾಗಿದರೆ ಮುಗಿಯಿತು, ಮದ್ದು ತೀರುವ ತನಕ ಅದು ಯಾರ ಮಾತೂ ಕೇಳುವುದಿಲ್ಲ. ಪಿಎಸ್‌ಎಲ್‌ವಿಯ ಮೊದಲ ಹಂತ, ಅಂದರೆ ಮೊದಲು ಉರಿದು ಕಳಚಿ ಬೀಳುವ ಕೆಳಗಿನ ಭಾಗ, ಈ ಹೂಕುಂಡದ ಜಾತಿ. ರಬ್ಬರಿನಂಥ ಅಂಟು, ಅಲ್ಯುಮಿನಿಯಂ ಪುಡಿ, ಆಮ್ಲಜನಕ ಕೊಡುವ ಒಂದು ಉಪ್ಪು, ಇವನ್ನೆಲ್ಲ ಕಲಸಿ ಗಟ್ಟಿ ಮಾಡಿದ ಇಂಧನ ಸುಮಾರು 138 ಟನ್. ಎರಡು ನಿಮಿಷದೊಳಗೆ ಅಷ್ಟೂ ಉರಿದು ಹೋಗುತ್ತದೆ. ಆಮೇಲೆ ಉಳಿಯುವುದು ಖಾಲಿ ಉಕ್ಕಿನ ಕೊಳವೆ. ಅದನ್ನು ಮೆಲ್ಲಗೆ ಇಳಿಸಲು ಒಳಗೆ ಏನೂ ಇರುವುದಿಲ್ಲ.

ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ ಪಂಪ್ ಸ್ಟೌ ಜಾತಿ. ಅದರಲ್ಲಿ ಉರಿಯುವುದೂ ನಮ್ಮ ಚಿಮಣಿ ಎಣ್ಣೆಯೇ, ಬಹಳ ಶುದ್ಧ ಮಾಡಿದ್ದು ಅಷ್ಟೇ, ಜೊತೆಗೆ ದ್ರವ ಆಮ್ಲಜನಕ. ಅದರ ಮೊದಲ ಹಂತದ ಕೆಳಗೆ ಒಂಬತ್ತು ಎಂಜಿನ್. ಮೇಲೆ ಹೋಗುವಾಗ ಎಲ್ಲವೂ ಉರಿಯುತ್ತವೆ. ಇಳಿಯುವಾಗ ಕೊನೆಗೆ ಸಾಮಾನ್ಯವಾಗಿ ಒಂದನ್ನೇ ಹಚ್ಚಿ, ಉರಿ ಹದ ಮಾಡುತ್ತ ನೆಲ ಮುಟ್ಟುತ್ತದೆ. ಇದಕ್ಕಾಗಿ ಒಂದಿಷ್ಟು ಇಂಧನ ಉಳಿಸಿಕೊಳ್ಳಬೇಕು. ಅಂದರೆ ಮೇಲೆ ಒಯ್ಯುವ ಭಾರ ಅಷ್ಟು ಕಡಿಮೆಯಾಗುತ್ತದೆ. 2015ರ ಡಿಸೆಂಬರ್‌ನಲ್ಲಿ ಮೊದಲ ಸಲ ನೆಟ್ಟಗೆ ಇಳಿಯಿತು. ಅದೇ ವರ್ಷ ಸಮುದ್ರದಲ್ಲಿ ನಿಂತ ಹಡಗಿನ ಮೇಲೆ ಇಳಿಸಲು ಹೋಗಿ ಒಡೆದದ್ದೂ ಉಂಟು.

ಇನ್ನು ದುಡ್ಡಿನ ಲೆಕ್ಕ. ಎರಡು ಎಕರೆ ತೊಗರಿಗೆ ಯಾರಾದರೂ ಸ್ವಂತ ರಾಶಿ ಮಷೀನ್ ಕೊಳ್ಳುತ್ತಾರಾ? 2024ರಲ್ಲಿ ಫಾಲ್ಕನ್-9 ಹಾರಿದ್ದು 130ಕ್ಕೂ ಹೆಚ್ಚು ಸಲ, ಬಹುಪಾಲು ಆ ಕಂಪನಿಯದೇ ಇಂಟರ್ನೆಟ್ ಉಪಗ್ರಹಗಳಿಗಾಗಿ. ಆ ವರ್ಷ ಇಸ್ರೋ ಹಾರಿಸಿದ್ದು ಐದು ರಾಕೆಟ್. ಅಷ್ಟು ಕಡಿಮೆ ಕೆಲಸಕ್ಕೆ ಮರುಬಳಕೆಯ ಖರ್ಚು ಗಿಟ್ಟುವುದು ಕಷ್ಟ. ಪಿಎಸ್‌ಎಲ್‌ವಿ 1993ರಲ್ಲಿ ಮೊದಲು ಹಾರಿದಾಗ ನಮಗೆ ಬೇಕಿದ್ದದ್ದು ಒಂದೇ: ನೆಲ, ನೀರು, ಬೆಳೆ ನೋಡುವ ನಮ್ಮ ಉಪಗ್ರಹಗಳನ್ನು ನಾವೇ ಮೇಲೆ ಕಳಿಸುವುದು. ಆ ಮೊದಲ ಹಾರಾಟ ಕೈಕೊಟ್ಟಿತು. ಮುಂದೆ ಅದೇ ಮಾದರಿಯ ರಾಕೆಟ್ 2017ರ ಫೆಬ್ರವರಿ 15ರಂದು ಒಂದೇ ಸಲಕ್ಕೆ 104 ಉಪಗ್ರಹ ಒಯ್ದಿತು. ಅದರಲ್ಲಿ 96 ಅಮೆರಿಕದವು. ಇದನ್ನು ನಿಮ್ಮ ಗೆಳೆಯರಿಗೆ ಹೇಳಿ.

ಇಳಿಸಿ ಮತ್ತೆ ಬಳಸುವ ಕೆಲಸ ಇಸ್ರೋದಲ್ಲೂ ನಿಂತಿಲ್ಲ. ನಮ್ಮದೇ ರಾಜ್ಯದ ಚಳ್ಳಕೆರೆ ಹತ್ತಿರ ಪುಷ್ಪಕ್ ಎಂಬ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ. ಮೊದಲ ಹಂತವನ್ನು ಮತ್ತೆ ಬಳಸುವಂಥ ಹೊಸ ರಾಕೆಟ್‌ಗೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಬೇಗ ಆಗಲಿ ಎಂದು ನಿಮ್ಮಷ್ಟೇ ಆಸೆಯಿಂದ ನಾನೂ ಕಾಯುತ್ತಿದ್ದೇನೆ.

ಪ್ರಶ್ನೆ: ನಮ್ಮ ಬೀದರ್ ಎತ್ತರದಲ್ಲಿದೆ, ವಾಯುಪಡೆಯ ನೆಲೆಯೂ ಇದೆ. ಇಲ್ಲಿಂದಲೇ ರಾಕೆಟ್ ಹಾರಿಸಬಹುದಲ್ವಾ?
(ಒಂಬತ್ತನೇ ತರಗತಿ, ಬೀದರ್)

ಉತ್ತರ: ಪುಟ್ಟಾ, ರಾಕೆಟ್‌ಗೆ ಎತ್ತರಕ್ಕಿಂತ ಅಡ್ಡ ಓಟ ಮುಖ್ಯ. ಭೂಮಿಯನ್ನು ಸುತ್ತಬೇಕಾದರೆ ಸೆಕೆಂಡಿಗೆ ಸುಮಾರು ಏಳೂಮುಕ್ಕಾಲು ಕಿಲೋಮೀಟರ್ ವೇಗ ಬೇಕು. ಆ ವೇಗದಲ್ಲಿ ಬೀದರಿನಿಂದ ಕಲಬುರಗಿಗೆ ಹದಿನೈದು ಸೆಕೆಂಡೂ ಬೇಡ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಶ್ರೀಹರಿಕೋಟದಲ್ಲಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗ ಪುಕ್ಕಟೆ ಸಿಗುತ್ತದೆ. ಬೀದರಿನಲ್ಲೂ 440 ಸಿಗುತ್ತದೆ, ಅಂಥ ವ್ಯತ್ಯಾಸವಿಲ್ಲ. ತೊಂದರೆ ಬೇರೆಯೇ. ಶ್ರೀಹರಿಕೋಟದ ಪೂರ್ವಕ್ಕೆ ಬರೀ ಸಮುದ್ರ. ಬೀದರಿನ ಪೂರ್ವಕ್ಕೆ ಮೇದಕ್ ಕಡೆಯ ಊರು, ಶಾಲೆ, ಹೊಲ. ಉರಿದು ಕಳಚಿದ ಹಂತ ಅಲ್ಲಿ ಬಿದ್ದರೆ?

ಪ್ರಶ್ನೆ: ಮಾಸ್ತರರೇ, ಮಗ ಮೊಬೈಲ್ ಹಿಡಿದು ರಾಕೆಟ್ ನೋಡುತ್ತ ಕೂರುತ್ತಾನೆ. ನಮ್ಮ ತೊಗರಿ ನೆಟೆ ರೋಗಕ್ಕೆ ಒಣಗಿ ಹೋಯಿತು. ಇಷ್ಟು ಖರ್ಚು ಮಾಡಿ ಮೇಲೆ ಕಳಿಸಿದರೆ ನಮ್ಮಂಥವರಿಗೆ ಏನು ಬಂತು?
(ರೈತ ಮಹಿಳೆ, ಆಳಂದ ತಾಲೂಕು)

ಉತ್ತರ: ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಅದನ್ನು ಯಾವ ಉಪಗ್ರಹವೂ ನಿಲ್ಲಿಸುವುದಿಲ್ಲ. ಮುಂದಿನ ಬಿತ್ತನೆಗೆ ಟಿಎಸ್-3ಆರ್‌ನಂಥ ರೋಗ ತಡೆಯುವ ತಳಿ ತನ್ನಿ. ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಸವರಿ ಬಿತ್ತಿ. ಎಷ್ಟು ಸವರಬೇಕು ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಹೇಳುತ್ತಾರೆ.

ಬೀಜಕ್ಕೆ ಔಷಧಿ ಸವರುವುದನ್ನು ನಾನು ಮೊದಲು ನೋಡಿದ್ದು ಎಲ್ಲಿ ಗೊತ್ತಾ? ಉಪಗ್ರಹದಿಂದ ಬಂದ ಟಿವಿಯಲ್ಲಿ. 1975ರ ಆಗಸ್ಟ್‌ನಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಒಂದು ಉಪಗ್ರಹದಿಂದ ನೇರವಾಗಿ ಟಿವಿ ಕಾರ್ಯಕ್ರಮ ಬರುತ್ತಿತ್ತು. ಸೈಟ್ ಎಂದು ಅದರ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಆಗ ಬೆಂಗಳೂರಿನಲ್ಲೂ ಟಿವಿ ಕೇಂದ್ರ ಇರಲಿಲ್ಲ, ಅಲ್ಲಿ ಶುರುವಾಗಿದ್ದು 1981ರಲ್ಲಿ. ನಮ್ಮೂರ ಶಾಲೆಯ ಮಾಳಿಗೆ ಮೇಲೆ ಕೋಳಿಗೂಡಿನ ಜಾಲರಿಯಂಥ ತಂತಿಯ ದೊಡ್ಡ ಆಂಟೆನಾ ಕೂರಿಸಿದರು. ಹತ್ತು ಅಡಿ ಅಗಲ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ. ಊರೆಲ್ಲ ಗೋಣಿಚೀಲ ಹಾಸಿಕೊಂಡು ಕೂರುತ್ತಿತ್ತು. ಒಂದು ಸಂಜೆ ಬಿತ್ತುವ ಜೋಳಕ್ಕೆ ಗಂಧಕದ ಪುಡಿ ಸವರುವುದನ್ನು ತೋರಿಸಿದರು, ಕಾಡಿಗೆ ರೋಗ ಬರಬಾರದೆಂದು. ಆ ಹಿಂಗಾರಿಗೆ ಅಪ್ಪ ಹಾಗೆಯೇ ಮಾಡಿದ. ನಾನು ಮಡಕೆ ಅಲ್ಲಾಡಿಸಿದ್ದೆ, ಕೈಯೆಲ್ಲ ಹಳದಿ. ವರ್ಷ ತುಂಬಿದ ಮೇಲೆ ಉಪಗ್ರಹ ಬೇರೆ ಕಡೆ ಹೋಯಿತು, ಟಿವಿ ಕತ್ತಲಾಯಿತು. ಅದು ನಮ್ಮದಾಗಿರಲಿಲ್ಲ ಅಲ್ವಾ.

ಈಗ ನಮ್ಮವೇ ಇವೆ. 2024ರ ಫೆಬ್ರವರಿಯಲ್ಲಿ ಹೋದ ಇನ್ಸಾಟ್-3ಡಿಎಸ್ 36,000 ಕಿಲೋಮೀಟರ್ ಮೇಲೆ ನಿಂತು ಹಗಲು ರಾತ್ರಿ ಮೋಡದ ಚಿತ್ರ ಕಳಿಸುತ್ತದೆ. ಹವಾಮಾನ ಇಲಾಖೆ ಅದನ್ನು ಎಲ್ಲರಿಗೂ ಪುಕ್ಕಟೆ ತೋರಿಸುತ್ತದೆ. ತೊಗರಿ ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ದಿನಗಳಲ್ಲಿ ಮಗನ ಮೊಬೈಲ್‌ನಲ್ಲಿ ಅದನ್ನು ತೆಗೆಸಿ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಬಂಗಾಳ ಕೊಲ್ಲಿಯಿಂದ ಬಿಳಿ ಮೋಡ ಸುತ್ತುತ್ತ ನಮ್ಮ ಕಡೆ ಸರಿಯುತ್ತಿದ್ದರೆ, ಅವತ್ತೇ ತೊಗರಿ ಒಟ್ಟಿ ತಾಡಪತ್ರಿ ಹೊದಿಸಿಬಿಡಿ.