ಇಂಟೆಲ್‌ನಿಂದ ಆರ್ಮ್‌ಗೆ: ಓಡುತ್ತಿರುವ ವರ್ಚುವಲ್ ಮಷಿನ್ ಸಾಗಿಸಬಹುದೇ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಲಾರಿ ತೂಗುವ ಕಾಟಾದ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ನಡೆಯುತ್ತದೆ. ಹಳೆಯ ಇಂಟೆಲ್ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ, ಕ್ಯೂಎಮು (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ತಂತ್ರಾಂಶ) ಮತ್ತು ಕೆವಿಎಂ (ಅದಕ್ಕೆ ವೇಗ ಕೊಡುವ ಲಿನಕ್ಸಿನ ಸೌಲಭ್ಯ) ಮೇಲೆ ಎಕ್ಸ್‌ಪಿ ಓಡಿಸುತ್ತಿದ್ದೇವೆ. ಡೆಸ್ಕ್‌ಟಾಪ್ ಇನ್ನೇನು ಕೈಕೊಡುವ ಹಾಗಿದೆ. ಈ ವರ್ಚುವಲ್ ಮಷಿನ್ (ವಿಎಂ) ಬಂದ್ ಮಾಡದೆ ಅದನ್ನು ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರಿಗೆ ಸಾಗಿಸಬಹುದೇ?

ಉತ್ತರ: ಈಗ ಓಡುತ್ತಿರುವ ರೀತಿಯಲ್ಲಿ ಆಗುವುದಿಲ್ಲ. ಕೆವಿಎಂ ಇದ್ದಾಗ ಎಕ್ಸ್‌ಪಿಯ ಸೂಚನೆಗಳು ನೇರವಾಗಿ ಇಂಟೆಲ್ ಪ್ರೊಸೆಸರ್ ಮೇಲೆಯೇ ನಡೆಯುತ್ತವೆ. ಪೈನಲ್ಲಿರುವುದು ಆರ್ಮ್ ಪ್ರೊಸೆಸರ್, ಅದಕ್ಕೆ ಇಂಟೆಲ್ ಸೂಚನೆಗಳು ಅರ್ಥವಾಗುವುದಿಲ್ಲ. ಅಲ್ಲಿ ಆ ಸೂಚನೆಗಳನ್ನು ಕ್ಯೂಎಮುವಿನ ಟಿಸಿಜಿ ಎಂಬ ಭಾಗ ಆರ್ಮ್ ಸೂಚನೆಗಳಾಗಿ ಬದಲಿಸಿ ಓಡಿಸಬೇಕು. ಕೆವಿಎಂನಲ್ಲಿ ಓಡುತ್ತಿರುವುದನ್ನು ಹಾಗೆಯೇ ಟಿಸಿಜಿಗೆ ದಾಟಿಸಬಹುದೆಂದು ನೆಚ್ಚಬೇಡಿ. ಕೆವಿಎಂ-ಕ್ಲಾಕ್‌ನಂಥ ಕೆವಿಎಂಗಷ್ಟೇ ಸೇರಿದ ವಿಭಾಗ ಸಾಗಿ ಬರುವ ಮಾಹಿತಿಯಲ್ಲಿ ಕಂಡ ಕೂಡಲೇ, ತಲುಪುವ ಕಡೆಯ ಕ್ಯೂಎಮು ಅದನ್ನು ಗುರುತಿಸಲಾರದೆ ನಿಂತುಬಿಡುತ್ತದೆ. ಅಂದರೆ ಮೊದಲು ಡೆಸ್ಕ್‌ಟಾಪಿನಲ್ಲೇ ವಿಎಂ ಬಂದ್ ಮಾಡಿ, ಟಿಸಿಜಿಯಲ್ಲಿ ಮತ್ತೆ ಶುರು ಮಾಡಿ, ಆಮೇಲೆ ಸಾಗಿಸಬೇಕು. ಹೇಗೂ ಒಮ್ಮೆ ಬಂದ್ ಮಾಡಲೇಬೇಕಾದ ಮೇಲೆ ಲೈವ್ ಮೈಗ್ರೇಶನ್ನಿನ (ಓಡುತ್ತಿರುವಾಗಲೇ ಸಾಗಿಸುವುದರ) ಉಸಾಬರಿ ನಿಮಗೆ ಬೇಡ. ಲಾರಿ ಬರದ ಹೊತ್ತು ನೋಡಿ, ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಿ (ಹೈಬರ್ನೇಟ್ ಅಲ್ಲ), ಡಿಸ್ಕ್ ಫೈಲನ್ನು ನಕಲು ಮಾಡಿಕೊಂಡು ಒಯ್ಯಿರಿ. ಕ್ಯೂಎಮು ಡಿಸ್ಕಿನ ರೂಪವಾದ ಕ್ಯೂಕೌ2 ಫೈಲಿಗೆ ಇಂಟೆಲ್, ಆರ್ಮ್ ಎಂಬ ಭೇದವಿಲ್ಲ.

ಆದರೆ ಶಟ್‌ಡೌನ್‌ಗೆ ಮುಂಚೆ ಒಂದು ಕೆಲಸ ಮಾಡಲೇಬೇಕು. ಎಕ್ಸ್‌ಪಿಯ ರಿಜಿಸ್ಟ್ರಿಯಲ್ಲಿ ಇಂಟೆಲ್‌ಪಿಪಿಎಂ ಎಂಬ ಸರ್ವಿಸ್‌ನ ಸ್ಟಾರ್ಟ್ ಮೌಲ್ಯವನ್ನು 4ಕ್ಕೆ (ಅಂದರೆ ಶುರುವಾಗದಂತೆ) ಬದಲಿಸಿ. ಟಿಸಿಜಿಯಲ್ಲಿ ಡೀಫಾಲ್ಟ್ ಸಿಪಿಯು ಮಾದರಿ ತನ್ನನ್ನು ಎಎಂಡಿ ಎಂದು ಹೇಳಿಕೊಳ್ಳುತ್ತದೆ. ಇಂಟೆಲ್‌ನ ಪವರ್ ಡ್ರೈವರ್ ಅದರ ಮೇಲೆ ಶುರುವಾಗಲು ಹೋದರೆ 0x7ಇ ಎಂಬ ನೀಲಿ ಪರದೆ ಬರುತ್ತದೆ. ಡಿಸ್ಕ್ ಈಗ ಐಡಿಇ (ಹಳೆಯ ಬಗೆಯ ಡಿಸ್ಕ್ ಜೋಡಣೆ) ಆಗಿದ್ದರೆ ಪೈನಲ್ಲೂ ಐಡಿಇಯಾಗಿಯೇ ಕೊಡಿ. ವೇಗದ ಆಸೆಗೆ ವರ್ಟ್‌ಐಒ ಎಂಬ ವರ್ಚುವಲ್ ಜೋಡಣೆಗೆ ಬದಲಿಸಿದರೆ ಬೂಟ್ ಆಗುವಾಗಲೇ 0x7ಬಿ ಎದುರಾಗುತ್ತದೆ. ಮಷಿನ್ ಟೈಪ್ (ಕ್ಯೂಎಮು ತೋರಿಸುವ ಮದರ್‌ಬೋರ್ಡ್ ಮಾದರಿ), ನೆಟ್‌ವರ್ಕ್ ಕಾರ್ಡಿನ ಮಾದರಿ, ಮ್ಯಾಕ್ ವಿಳಾಸ ಎಲ್ಲ ಹಳೆಯದೇ ಇರಲಿ. ಹಾರ್ಡ್‌ವೇರ್ ತೀರ ಬದಲಾದಂತೆ ಕಂಡರೆ ಎಕ್ಸ್‌ಪಿ ಮತ್ತೆ ಆ್ಯಕ್ಟಿವೇಶನ್ ಕೇಳಬಹುದು. ವರ್ಚುವಲ್ ಸಿಪಿಯು ಒಂದೇ ಸಾಕು.

ಕಾಟಾದ ಇಂಡಿಕೇಟರ್‌ನಿಂದ ಬರುವ ಸೀರಿಯಲ್ ಕೇಬಲ್ಲನ್ನು ಯುಎಸ್‌ಬಿ ಅಡಾಪ್ಟರ್ ಮೂಲಕ ಪೈಗೆ ಸೇರಿಸಿ. ಅಡಾಪ್ಟರನ್ನೇ ಇಡಿಯಾಗಿ ಎಕ್ಸ್‌ಪಿಗೆ ಒಪ್ಪಿಸಬೇಡಿ, ಅದಕ್ಕೆ ಎಕ್ಸ್‌ಪಿ ಡ್ರೈವರ್ ಹುಡುಕುವ ಪಾಡು ಬರುತ್ತದೆ. ಲಿನಕ್ಸಿನಲ್ಲಿ ಅದು ಟಿಟಿವೈಯುಎಸ್‌ಬಿ0 ಎಂದು ಕಾಣುತ್ತದೆ. ಕ್ಯೂಎಮುವಿನ -ಸೀರಿಯಲ್ ಆಯ್ಕೆಗೆ ಆ ಹೆಸರು ಕೊಟ್ಟರೆ ಎಕ್ಸ್‌ಪಿಗೆ ಹಳೆಯ ಕಾಮ್1 ಹಾಗೆಯೇ ಸಿಗುತ್ತದೆ. ಸಾಫ್ಟ್‌ವೇರಿನಲ್ಲಿ ಇಟ್ಟಿರುವ ಬಾಡ್ ರೇಟ್ ಕ್ಯೂಎಮು ಮೂಲಕವೇ ಅಡಾಪ್ಟರಿಗೆ ತಲುಪುತ್ತದೆ. ಕ್ಯೂಎಮು ಓಡಿಸುವ ಬಳಕೆದಾರ ಡಯಲ್‌ಔಟ್ ಗುಂಪಿನಲ್ಲಿ ಇಲ್ಲದಿದ್ದರೆ ಪೋರ್ಟ್ ತೆರೆಯುವುದೇ ಇಲ್ಲ.

ಕೆವಿಎಂನ ವೇಗ ಪೈನಲ್ಲಿ ಸಿಗದು. ತೂಕ ಓದಿ ಚೀಟಿ ಮುದ್ರಿಸುವ ಸಾಫ್ಟ್‌ವೇರಿಗೆ ಅಡ್ಡಿಯಾಗಲಿಕ್ಕಿಲ್ಲ, ಆದರೂ ಒಂದು ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪೈಗೆ 5 ವೋಲ್ಟ್ 5 ಆಂಪಿಯರ್ ಅಡಾಪ್ಟರ್, ಫ್ಯಾನ್ ಇರುವ ಕೂಲರ್, ಎಸ್‌ಡಿ ಕಾರ್ಡಿನ ಬದಲು ಎಸ್‌ಎಸ್‌ಡಿ ಬೇಕು. 80 ಡಿಗ್ರಿ ದಾಟಿದರೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮ ಕಡೆಯ ಬೇಸಿಗೆ, ಮೇಲೆ ಗಿರಣಿಯ ತೌಡಿನ ಧೂಳು ಸೇರಿದರೆ ಅಲ್ಲಿಗೆ ಮುಟ್ಟುವುದು ಕಷ್ಟವೇನಲ್ಲ.

ಪ್ರಶ್ನೆ: ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಾವು. ಪ್ರಾಜೆಕ್ಟಿಗಾಗಿ, ಟಿಸಿಜಿಯಲ್ಲೇ ಓಡುವ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಲಿನಕ್ಸ್ ಗೆಸ್ಟನ್ನು (ವಿಎಂ ಒಳಗಿನ ವ್ಯವಸ್ಥೆಯನ್ನು) ಉಬುಂಟು ಇರುವ ಇಂಟೆಲ್ ಪಿಸಿಯಿಂದ ಪೈ 5ಕ್ಕೆ ಲೈವ್ ಆಗಿ ಕಳಿಸುತ್ತಿದ್ದೇವೆ. ಕೊನೆಗೆ 'ಲೋಡ್ ಆಫ್ ಮೈಗ್ರೇಶನ್ ಫೇಲ್ಡ್' ಎಂದು ಬರುತ್ತದೆ.

ಉತ್ತರ: ನಿಮ್ಮ ದಾರಿ ಸರಿಯಾಗಿದೆ. ಟಿಸಿಜಿಯಲ್ಲಿ ಸಾಗುವುದು ಗೆಸ್ಟ್‌ನ ಮೆಮೊರಿ, ಅದರ ಎಕ್ಸ್86 ರಿಜಿಸ್ಟರ್‌ಗಳು ಮತ್ತು ಸಾಧನಗಳ ಸ್ಥಿತಿ ಮಾತ್ರ. ಹೋಸ್ಟ್‌ಗಾಗಿ (ವಿಎಂ ಓಡಿಸುವ ನಿಜವಾದ ಯಂತ್ರಕ್ಕಾಗಿ) ಬದಲಿಸಿಟ್ಟ ಕೋಡ್ ಸಾಗುವುದಿಲ್ಲ, ಆ ಕಡೆ ಹೊಸದಾಗಿ ತಯಾರಾಗುತ್ತದೆ. ಆದ್ದರಿಂದ ಹೋಸ್ಟ್ ಯಾವುದಾದರೂ ನಡೆದೀತು. ಗೆಸ್ಟ್ ಕಾಣುವ ಯಂತ್ರ ಮಾತ್ರ ಎರಡೂ ಕಡೆ ಕೂದಲೆಳೆಯಷ್ಟೂ ಬೇರೆಯಾಗಬಾರದು.

ನಿಮ್ಮಲ್ಲಿ ಮೊದಲ ಅನುಮಾನ ಮಷಿನ್ ಟೈಪ್ ಮೇಲೆ. ಬರೀ 'ಪಿಸಿ' ಅಥವಾ 'ಕ್ಯೂ35' ಎಂದು ಬರೆದರೆ ಪ್ರತಿ ಆವೃತ್ತಿಯೂ ತನಗೆ ಹೊಸದಾದುದನ್ನು ಆರಿಸಿಕೊಳ್ಳುತ್ತದೆ. ಉಬುಂಟು ಪ್ಯಾಕೇಜಿಗೆ ಬಿಡುಗಡೆಯ ಹೆಸರಿನ ತನ್ನವೇ ಟೈಪ್‌ಗಳಿವೆ, ಪೈನ ಡೆಬಿಯನ್ ಪ್ಯಾಕೇಜಿಗೆ ಅವುಗಳ ಪರಿಚಯವಿಲ್ಲ. ಎರಡೂ ಕಡೆ 'ಪಿಸಿ-ಕ್ಯೂ35-7.2' ಎಂಬಂತೆ ಎರಡಕ್ಕೂ ಗೊತ್ತಿರುವ ಸಂಖ್ಯೆಸಹಿತ ಹೆಸರು ಬರೆಯಿರಿ. ಸಿಪಿಯು 'ಕ್ಯೂಎಮು64' ಎಂದೂ, ಆ್ಯಕ್ಸೆಲ್ 'ಟಿಸಿಜಿ' ಎಂದೂ ಸ್ಪಷ್ಟವಾಗಿ ಕೊಡಿ. ಎರಡನೆಯದು ಎಲ್ಲರೂ ಮರೆಯುವಂಥದ್ದು: ನೆಟ್‌ವರ್ಕ್ ಕಾರ್ಡಿನ ಬೂಟ್ ರಾಮ್ (ROM, ಮೆಮೊರಿಯ RAM ಅಲ್ಲ). ಆ ಫೈಲಿನ ಗಾತ್ರ ಪ್ಯಾಕೇಜಿನಿಂದ ಪ್ಯಾಕೇಜಿಗೆ ಬೇರೆ. 'ಸೈಜ್ ಮಿಸ್‌ಮ್ಯಾಚ್' ಎಂಬ ಸಾಲಿನಲ್ಲಿ ಡಾಟ್ ರಾಮ್ ಎಂದು ಕೊನೆಯಾಗುವ ಹೆಸರು ಕಂಡರೆ ಇದೇ ಕಾರಣ. ವಿಎಂ ಶುರು ಮಾಡುವಾಗಲೇ ಎರಡೂ ಕಡೆ ಆ ಕಾರ್ಡಿನ ರಾಮ್‌ಫೈಲ್ ಗುಣವನ್ನು ಖಾಲಿ ಬಿಡಿ.

ಡಿಸ್ಕ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಎರಡೂ ಯಂತ್ರಕ್ಕೆ ಸಿಗುವ ಸಂಗ್ರಹ) ಮೇಲೆ ಇರಲಿ, ಕ್ಯಾಶ್ 'ನನ್' ಇರಲಿ. ಪೈನಲ್ಲಿ ಕ್ಯೂಎಮು ಶುರು ಮಾಡುವ ಅದೇ ಆದೇಶದ ಸಾಲಿಗೆ -ಇನ್‌ಕಮಿಂಗ್ ಮತ್ತು ಟಿಸಿಪಿ ಪೋರ್ಟ್ ಸೇರಿಸಿ ಮೊದಲು ಶುರು ಮಾಡಿ, ಆಮೇಲೆ ಪಿಸಿಯಲ್ಲಿ ಕ್ಯೂಎಮುವಿಗೆ ಆದೇಶ ಕೊಡುವ 'ಮಾನಿಟರ್' ಕನ್ಸೋಲ್‌ನಲ್ಲಿ ಮೈಗ್ರೇಟ್ -ಡಿ ಕೊಡಿ, ಇನ್ಫೋ ಮೈಗ್ರೇಟ್‌ನಲ್ಲಿ ನೋಡುತ್ತಿರಿ. 2 ಜಿಬಿ ಮೆಮೊರಿ ತುಂಬಿದ್ದರೆ ಗಿಗಾಬಿಟ್ ಕೇಬಲ್ಲಿನಲ್ಲಿ ಮೊದಲ ಸುತ್ತಿಗೇ ಸುಮಾರು 18 ಸೆಕೆಂಡ್, 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ ಸುಮಾರು ಮೂರು ನಿಮಿಷ ಬೇಕು. ಗೆಸ್ಟ್ ಅದಕ್ಕಿಂತ ವೇಗವಾಗಿ ಮೆಮೊರಿಯ ಪುಟಗಳನ್ನು (ತುಣುಕುಗಳನ್ನು) ಬದಲಿಸುತ್ತಿದ್ದರೆ ಮುಗಿಯುವುದೇ ಇಲ್ಲ; ಆಗ ಗೆಸ್ಟ್‌ನ ವೇಗ ತಗ್ಗಿಸುವ ಆಟೊ-ಕನ್ವರ್ಜ್ ಆನ್ ಮಾಡಿ, ಇಲ್ಲವೇ ಡೀಫಾಲ್ಟ್ 300 ಮಿಲಿಸೆಕೆಂಡ್ ಇರುವ ಡೌನ್‌ಟೈಮ್ ಲಿಮಿಟ್ (ಕೊನೆಗೆ ಗೆಸ್ಟ್ ನಿಲ್ಲಬಹುದಾದ ಅವಧಿ) ಏರಿಸಿ. ಪೋಸ್ಟ್‌ಕಾಪಿ (ಗೆಸ್ಟ್ ಮೊದಲು ದಾಟಿ, ಉಳಿದ ಮೆಮೊರಿ ಆಮೇಲೆ ಬರುವ ವಿಧಾನ) ಮಾತ್ರ ಹಾಗೆಯೇ ನಡೆಯದು: ಪೈ 5ರ ಡೀಫಾಲ್ಟ್ ಕರ್ನಲ್ 16 ಕೆಬಿ ಪುಟದ್ದು, ಪಿಸಿಯದು 4 ಕೆಬಿ. ಬೇಕೇ ಬೇಕೆಂದರೆ ಪೈನ ಕಾನ್ಫಿಗ್ ಫೈಲಿನಲ್ಲಿ 4 ಕೆಬಿ ಪುಟದ 'ಕರ್ನಲ್8' ಆರಿಸಿ.

ದಾಟಿದ ಮೇಲೆ ಗೆಸ್ಟ್‌ನ ಗಡಿಯಾರ ನೋಡಿ. ಟಿಸಿಜಿ ತನ್ನ ಟಿಎಸ್‌ಸಿ (ಕಾಲ ಅಳೆಯಲು ಬಳಸುವ ಪ್ರೊಸೆಸರಿನ ಕೌಂಟರ್) ಎಣಿಕೆಯನ್ನು ಹೋಸ್ಟ್‌ನ ಎಣಿಕೆಯಿಂದ ಪಡೆಯುತ್ತದೆ, ಅದರ ವೇಗ ಪಿಸಿಯಲ್ಲೂ ಪೈನಲ್ಲೂ ಒಂದೇ ಅಲ್ಲ. ಬೂಟ್ ಆಗುವಾಗ ಟಿಎಸ್‌ಸಿಯನ್ನು ಅಳೆದು ನಂಬಿಕೊಂಡ ಗೆಸ್ಟ್‌ಗೆ ಸೆಕೆಂಡಿನ ಅಳತೆಯೇ ತಪ್ಪುತ್ತದೆ. ಗೆಸ್ಟ್‌ನ ಕರ್ನಲ್ ಸಾಲಿನಲ್ಲಿ ಕ್ಲಾಕ್‌ಸೋರ್ಸ್‌ಗೆ 'ಎಸಿಪಿಐ_ಪಿಎಂ' ಕೊಟ್ಟು ಬೂಟ್ ಮಾಡಿದರೆ ಈ ತೊಡಕು ಇರುವುದಿಲ್ಲ.

ವರ್ಚುವಲ್ ಸಿಪಿಯು ಒಂದಕ್ಕಿಂತ ಹೆಚ್ಚು ಕೊಡಬೇಡಿ. ಮೆಮೊರಿಗೆ ಬರೆದುದು ಬೇರೆ ಕೋರ್‌ಗಳಿಗೆ ಕಾಣುವ ಕ್ರಮದಲ್ಲಿ ಎಕ್ಸ್86 ಬಿಗಿ, ಆರ್ಮ್ ಸಡಿಲ. ಹಾಗಾಗಿ ಕ್ಯೂಎಮುವಿನ ಬಹಳಷ್ಟು ಆವೃತ್ತಿಗಳು ಆರ್ಮ್ ಹೋಸ್ಟ್ ಮೇಲೆ ಎಕ್ಸ್86ನ ಎಲ್ಲ ಸಿಪಿಯುಗಳನ್ನೂ ಒಂದೇ ಥ್ರೆಡ್ಡಿನಲ್ಲಿ ಸರದಿಯಂತೆ ಓಡಿಸುತ್ತವೆ. ಬಲವಂತವಾಗಿ ಬೇರೆ ಬೇರೆ ಥ್ರೆಡ್ ಮಾಡಿದರೆ ಹಿಡಿಯಲಾಗದ ದೋಷಗಳು ಹುಟ್ಟುತ್ತವೆ.

ಪ್ರಶ್ನೆ: ಬಳ್ಳಾರಿಯ ನಮ್ಮ ಜೀನ್ಸ್ ಘಟಕದಲ್ಲಿ ಒಂದು ಇಂಟೆಲ್, ಒಂದು ಎಎಂಡಿ ಸರ್ವರ್ ಇದೆ. ಎರಡೂ ಎಕ್ಸ್86 ತಾನೇ, ಬಿಲ್ಲಿಂಗ್ ವಿಎಂ ಅನ್ನು ಕೆವಿಎಂನಲ್ಲೇ ಲೈವ್ ಆಗಿ ದಾಟಿಸಬಹುದೇ?

ಉತ್ತರ: ಎರಡಕ್ಕೂ ಸಾಮಾನ್ಯವಾದ ಸಿಪಿಯು ಮಾದರಿ ಕೊಟ್ಟರೆ ಕೆಲವೊಮ್ಮೆ ದಾಟುತ್ತದೆ, ಆದರೆ ಬಿಲ್ಲಿಂಗ್‌ನಂಥ ಕೆಲಸಕ್ಕೆ ಬೇಡ. ಗೆಸ್ಟ್ ಕರ್ನಲ್ ಬೂಟ್ ಆಗುವಾಗಲೇ ಪ್ರೊಸೆಸರ್ ಯಾರದೆಂದು ನೋಡಿ ತನ್ನ ಕೋಡನ್ನು ತಿದ್ದಿಕೊಂಡಿರುತ್ತದೆ. ಹೈಪರ್‌ವೈಸರನ್ನು (ವಿಎಂ ಓಡಿಸುವ ತಂತ್ರಾಂಶವನ್ನು) ಕರೆಯುವ ಸೂಚನೆಯೇ ಇಂಟೆಲ್‌ನಲ್ಲಿ ವಿಎಂಕಾಲ್, ಎಎಂಡಿಯಲ್ಲಿ ವಿಎಂಎಂಕಾಲ್. ಓಡುತ್ತಿರುವಾಗ ಪ್ರೊಸೆಸರ್ ಬದಲಾದರೆ ಆ ತೀರ್ಮಾನಗಳೆಲ್ಲ ಹಳತಾಗಿಯೇ ಉಳಿಯುತ್ತವೆ. ಡಿಸ್ಕನ್ನು ಎರಡೂ ಸರ್ವರ್‌ಗೆ ಸಿಗುವಂತೆ ಇಟ್ಟು, ಒಂದು ಕಡೆ ಶಟ್‌ಡೌನ್ ಮಾಡಿ ಇನ್ನೊಂದು ಕಡೆ ಬೂಟ್ ಮಾಡಿ. ಎರಡೂ ಕಡೆ ಒಟ್ಟಿಗೆ ಶುರುವಾಗದಂತೆ ಮಾತ್ರ ನೋಡಿಕೊಳ್ಳಿ, ಹಾಗಾದರೆ ಡಿಸ್ಕ್ ಕೆಟ್ಟಂತೆಯೇ.